ಲಕ್ಷ್ಮಿಯ ಮೂಳೆಯ ಬಗ್ಗೆ ನಾನು ಹೇಳಿದ ಎರಡು ಸುಳ್ಳು

ಮನುಷ್ಯನ ಬಗ್ಗೆ ಕಡೆಯವರೆಗೂ ಸತ್ಯವನ್ನೇ ನುಡಿಯುವ ಸಾಕ್ಷಿ ಅವನ ಮೂಳೆ ಒಂದೇ — ಹೀಗೆ ಶುರುಮಾಡಿದರೆ ಬರಹಕ್ಕೆ ಒಂದು ತೂಕ ಬರುತ್ತದೆ. ಆದರೆ ಮೂಳೆಯ ವಿಚಾರದಲ್ಲಿ ನನ್ನ ಪಾಂಡಿತ್ಯವೆಲ್ಲ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಿಂತು ಕೇಳಿಸಿಕೊಂಡದ್ದು. ಅದನ್ನೂ ನೆಟ್ಟಗೆ ಹೇಳಲಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಒಂದು ಹೇಳಿದರು, ನಾನು ಕನ್ನಡದಲ್ಲಿ ಇನ್ನೊಂದು ಹೇಳಿದೆ. ಹಾಗೆ ಹೇಳಿ, ಬೇರೊಬ್ಬನಿಗೆ ನಿಶ್ಚಯವಾಗಿದ್ದ ಹೆಣ್ಣನ್ನು ನಾನು ಮದುವೆಯಾದೆ.

ಇದು ತಪ್ಪೊಪ್ಪಿಗೆ. ಕ್ಷಮೆ ಕೇಳುತ್ತಿದ್ದೇನೆಂದು ಯಾರೂ ತಿಳಿಯಬೇಡಿ. ಎರಡಕ್ಕೂ ವ್ಯತ್ಯಾಸವಿದೆ, ಅದು ಗೊತ್ತಿಲ್ಲದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ — ಕೆ.ಆರ್. ಪೇಟೆಯ ಕೆಲವು ಉತ್ಸಾಹಿ ಹುಡುಗರು ನನಗೆ ಸನ್ಮಾನ ಮಾಡಬೇಕೆಂದು ಹೊರಟಿದ್ದಾರೆ. ನಿವೃತ್ತ ಇತಿಹಾಸದ ಮೇಷ್ಟ್ರು ಎಂದಲ್ಲ. ಇತಿಹಾಸ ಪಾಠ ಮಾಡಿದ್ದಕ್ಕೆ ಯಾರೂ ಶಾಲು ಹೊದಿಸುವುದಿಲ್ಲ, ಪಾಠ ಕೇಳಿದವರಂತೂ ಖಂಡಿತ ಇಲ್ಲ. ‘ರೋಗದ ಹೆಣ್ಣು ಎಂದು ಊರೇ ದೂರವಿಟ್ಟಿದ್ದವಳ ಕೈಹಿಡಿದ ತ್ಯಾಗಜೀವಿ’ ಎಂದು ಸನ್ಮಾನ. ಈ ಹೊಗಳಿಕೆಗೆ ಹಿಂದೆಯೂ ನಾನು ಹಲವು ಸಲ ಕತ್ತು ಬಗ್ಗಿಸಿದ್ದೇನೆ. ಹಾರ ಹಾಕುವವರಿಗೆ ಅನುಕೂಲವಾಗಲಿ ಎಂದು ಕನ್ನಡಕ ಕೂಡ ತೆಗೆದು ಹಿಡಿದಿದ್ದೇನೆ. ಈ ಸಲ ಆಗಲಿಲ್ಲ. ‘ನಿಮ್ಮ ಬದುಕಿನ ಬಗ್ಗೆ ನೀವೇ ಎರಡು ಪುಟ ಬರೆದುಕೊಡಿ ಸಾರ್’ ಎಂದರು. ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆ. ನಾಗಮಂಗಲ ಕಡೆಯವನಾದ ನನಗೆ ಸಂತೆಬಾಚಹಳ್ಳಿಯ ಹೈಸ್ಕೂಲಿಗೆ ಹೊಸದಾಗಿ ಕೆಲಸವಾಗಿತ್ತು. ಸಿದ್ದೇಗೌಡರು ಎಂಬುವರ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದೆ. ಗೌಡರಿಗೆ ಉಬ್ಬಸ, ಮನೆ ಬಿಟ್ಟು ಹೊರಡುವವರಲ್ಲ. ಅವರ ಹೆಂಡತಿ ಚಿಕ್ಕತಾಯಮ್ಮನೇ ಹೊಲ, ಹಸು, ಹಟ್ಟಿ ಎಲ್ಲ ನೋಡಿಕೊಳ್ಳುತ್ತಿದ್ದರು. ಒಬ್ಬಳೇ ಮಗಳು, ಲಕ್ಷ್ಮಿ. ಇಪ್ಪತ್ತು ವರ್ಷದವಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಕೈಕೊಟ್ಟಿತ್ತು. ಬಾಯಿ ಮಾತ್ರ ಅವಳಿಗೆ ಯಾವತ್ತೂ ಕೈಕೊಟ್ಟದ್ದಿಲ್ಲ. ನಾನು ಕೋಣೆಯಲ್ಲಿ ಮರುದಿನದ ಪಾಠ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರೆ ಬಾಗಿಲಾಚೆಯಿಂದ ಕೇಳುತ್ತಿದ್ದಳು:

“ಮೇಷ್ಟ್ರೇ, ನಿಮ್ ಇತಿಹಾಸದಾಗೆ ರಾಜ್ರುಗೋಳು ಬರೀ ಸಾಯ್ತಾರಾ, ಇಲ್ಲಾ ನಡುವೆ ಒಸಿ ಊಟಾನೂ ಮಾಡ್ತಾರಾ?”

ನಾನು ಅವಳನ್ನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಆ ಕ್ಷಣದಲ್ಲೋ ಅದಕ್ಕೂ ಮುಂಚೆಯೋ — ತಾರೀಖು ಹೇಳುವುದು ವೃತ್ತಿಯಾಗಿದ್ದರೂ ಇದೊಂದರ ತಾರೀಖು ನನಗೆ ಗೊತ್ತಿಲ್ಲ.

ಆದರೆ ಲಕ್ಷ್ಮಿಗೆ ಗಂಡು ಗೊತ್ತಾಗಿತ್ತು. ಅವಳ ಸೋದರಮಾವ, ಚಿಕ್ಕತಾಯಮ್ಮನ ಒಬ್ಬನೇ ತಮ್ಮ, ಚಿನಕುರಳಿಯ ನಿಂಗಣ್ಣ. ಸ್ವಲ್ಪ ಬೇಸಾಯ, ಉಳಿದ ಹೊತ್ತು ಕಲ್ಲುಕ್ವಾರಿ. ಹುಬ್ಬಿನ ಮೇಲೆ ಯಾವಾಗಲೂ ಕಲ್ಲಿನ ಪುಡಿ ಕೂತಿರುತ್ತಿತ್ತು, ಹಾಗಾಗಿ ನನ್ನ ವಯಸ್ಸಿನವನೇ ಆದರೂ ಹಿರಿಯನಂತೆ ಕಾಣುತ್ತಿದ್ದ. ಲಕ್ಷ್ಮಿ ಹುಟ್ಟಿದಾಗಲೇ ಹೇಳಿಟ್ಟ ಮಾತು. ವೀಳ್ಯಶಾಸ್ತ್ರವೂ ಮುಗಿದು ಲಗ್ನಕ್ಕೆ ದಿನ ನೋಡುತ್ತಿದ್ದರು. ಅಷ್ಟರಲ್ಲಿ ಲಕ್ಷ್ಮಿ ಹಟ್ಟಿಯ ಮೆಟ್ಟಿಲಿನಲ್ಲಿ ಜಾರಿ ಬಿದ್ದಳು. ಮಂಡಿ ಊದಿಕೊಂಡಿತು. ಮೈಸೂರಿನಲ್ಲಿ ಎಕ್ಸ್‌ರೇ ತೆಗೆದರು.

ಮಂಡಿಗೆ ಏನೂ ಆಗಿರಲಿಲ್ಲ. ಅದರ ಮೇಲೆ, ತೊಡೆಯ ಮೂಳೆಯ ಒಳಗೆ, ಪುರಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು ಕಂಡವು. ಮೂಳೆಯ ಒಳಗೊಂದು ಮೆತ್ತನೆ ಎಲುಬಿನ ಗಂಟು. ಪಠ್ಯಪುಸ್ತಕದವರು ಮೃದ್ವಸ್ಥಿ ಎನ್ನುತ್ತಾರೆ. ನಮ್ಮ ಕಿವಿಯಲ್ಲಿರುವುದೂ ಅದೇ. ಉಪಾಧ್ಯಾಯರಿಗೆ ಬಹಳ ಪರಿಚಯದ ವಸ್ತು, ದಿನಾ ಹಿಡಿದು ಹಿಂಡುತ್ತೇವೆ. ‘ಇದು ಸುಮ್ಮನೆ ಬಿದ್ದಿರುವ ಗಂಟಾಗಿದ್ದರೆ ತೊಂದರೆಯಿಲ್ಲ, ಕೆಟ್ಟ ಜಾತಿಯದಾಗಿದ್ದರೆ ಕಾಲು ತೆಗೆಯಬೇಕಾದೀತು, ಬೆಂಗಳೂರಿನಲ್ಲಿ ಹೊಸ ಥರದ ಸ್ಕ್ಯಾನು ಬಂದಿದೆ, ಮಾಡಿಸಿಕೊಂಡು ಬನ್ನಿ’ ಎಂದರು ಮೈಸೂರಿನ ಡಾಕ್ಟರು. ಚಿಕ್ಕತಾಯಮ್ಮನ ಕಿವಿಗೆ ಬಿದ್ದದ್ದು ‘ಕಾಲು ತೆಗೆಯಬೇಕು’ ಎಂಬುದು ಮಾತ್ರ.

ಜೊತೆಗೆ ಹೋಗಬೇಕಾದವನು ನ್ಯಾಯವಾಗಿ ನಿಂಗಣ್ಣ. ಆದರೆ ವೀಳ್ಯವಾದ ಮೇಲೆ ಧಾರೆಯಾಗುವವರೆಗೆ ಗಂಡು ಹೆಣ್ಣು ಒಟ್ಟಿಗೆ ಊರಿನ ಗಡಿ ದಾಟಬಾರದು ಎಂಬುದು ಆ ಮನೆತನದ ಕಟ್ಟಳೆ. ಕಾಲೇ ಹೋಗುವ ಹೊತ್ತಿನಲ್ಲೂ ಕಟ್ಟಳೆ ಹೋಗಲಿಲ್ಲ. ಇನ್ನು, ಆ ಕಾಲದಲ್ಲಿ ಇಂಗ್ಲಿಷು ಬಲ್ಲ ಒಬ್ಬ ಊರಿನಲ್ಲಿದ್ದರೆ ಅವನು ಊರ ಸ್ವತ್ತು. ಕೋರ್ಟಿಗೆ ಅವನನ್ನೇ ಕರೆದೊಯ್ಯುತ್ತಿದ್ದರು, ಆಸ್ಪತ್ರೆಗೂ ಅವನನ್ನೇ. ಡಾಕ್ಟರು ಏನೇ ಹೇಳಲಿ, ಅವನ ಬಾಯಿಂದ ಬಂದದ್ದೇ ಡಾಕ್ಟರ ಮಾತು. ನಿಂಗಣ್ಣ ಖುದ್ದಾಗಿ ಬಂದು ನನ್ನನ್ನು ಕೇಳಿಕೊಂಡ:

“ನೀವು ಜೊತ್ಗಿದ್ರೆ ನಾನೇ ಬಂದಂಗೆ ಕಣ್ ಮೇಷ್ಟ್ರೇ.”

ಬೆಂಗಳೂರಿನ ಆಸ್ಪತ್ರೆಯಲ್ಲಿ ಲಕ್ಷ್ಮಿಯ ತೋಳಿನ ನರಕ್ಕೆ ಒಂದು ಸೂಜಿಮದ್ದು ಕೊಟ್ಟರು. ವಿಕಿರಣ ಸೂಸುವ ಮದ್ದು. ಅದು ಹೋಗಿ ಮೂಳೆಗಳಲ್ಲಿ ಕೂರುತ್ತದೆ, ಮೂಳೆಯೊಳಗೆ ಕೆಲಸ ಜೋರಾಗಿ ನಡೆಯುವ ಜಾಗದಲ್ಲಿ ಹೆಚ್ಚು ಕೂರುತ್ತದೆ ಎಂದರು. ಕೆಲವು ಗಂಟೆ ಕಾಯಿಸಿದರು, ಚೊಂಬುಗಟ್ಟಲೆ ನೀರು ಕುಡಿಸಿದರು. ‘ಇವತ್ತೊಂದು ದಿನ ಎಳೆಮಕ್ಕಳನ್ನು ಎತ್ತಿಕೊಳ್ಳಬೇಡಿ’ ಎಂದು ನರ್ಸು ಹೇಳಿದ್ದನ್ನು ನಾನೇ ಕನ್ನಡಕ್ಕೆ ತಿರುಗಿಸಿದೆ — ಆಗ ಇನ್ನೂ ನೆಟ್ಟಗೆ ತಿರುಗಿಸುತ್ತಿದ್ದೆ. ಆಮೇಲೆ ಹಲಗೆಯ ಮೇಲೆ ಮಲಗಿಸಿದರು. ಒಂದು ಯಂತ್ರ ಅವಳ ಮೇಲೆ ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ಉಳುತ್ತ ಹೋಯಿತು. ಪಕ್ಕದಲ್ಲಿ ಕಾಗದದ ಮೇಲೆ ಟಕಟಕ ಎಂದು ಚುಕ್ಕೆಗಳು ಬಿದ್ದವು. ಚುಕ್ಕೆ ಸೇರಿ ಸೇರಿ ಲಕ್ಷ್ಮಿಯಾದಳು. ನಾನು ಅವಳನ್ನು ಕಣ್ಣು ತುಂಬ ನೋಡಿದ್ದು ಅದೇ ಮೊದಲು, ಅದೂ ಮೂಳೆ ಮಾತ್ರ. ಅಷ್ಟು ಚೆಂದದ ಪಕ್ಕೆಲುಬುಗಳು!

ಡಾಕ್ಟರು ಕೇರಳದ ಕಡೆಯವರು, ಕನ್ನಡ ಬಾರದು. ಎಕ್ಸ್‌ರೇಯನ್ನೂ ಈ ಚಿತ್ರವನ್ನೂ ಪಕ್ಕಪಕ್ಕ ಹಿಡಿದು ನನಗೆ ತೋರಿಸಿದರು. ಗಂಟು ಮದ್ದು ಕುಡಿದಿದೆ, ಹೌದು. ಒಳ್ಳೆಯ ಗಂಟೂ ಸ್ವಲ್ಪ ಕುಡಿಯುತ್ತದೆ, ಅಷ್ಟಕ್ಕೇ ಹೆದರಬೇಕಿಲ್ಲ. ಅವಳ ಸೊಂಟದ ಮೂಳೆ ಕುಡಿದಿರುವುದಕ್ಕಿಂತ ಕಡಿಮೆಯೇ ಕುಡಿದಿದೆ. ಎಕ್ಸ್‌ರೇಯಲ್ಲಿ ಮೂಳೆಯ ಗೋಡೆಯನ್ನು ಕೊರೆದಿಲ್ಲ, ಸುಮ್ಮನಿದ್ದಾಗ ನೋವಿಲ್ಲ. ಬೆಳೆಯುವ ವಯಸ್ಸಿನಲ್ಲಿ ಮೂಳೆಯಾಗಬೇಕಾಗಿದ್ದ ಒಂದು ಚೂರು ಹಾಗೇ ಉಳಿದುಕೊಂಡಿದೆ, ಅಷ್ಟೆ. ಕತ್ತರಿಸುವುದು ಬೇಡ, ಮುಟ್ಟುವುದೂ ಬೇಡ. ಆಗಾಗ ಒಂದು ಎಕ್ಸ್‌ರೇ ತೆಗೆಸಿ.

ಇದನ್ನು ನಾನು ಚಿಕ್ಕತಾಯಮ್ಮನಿಗೆ ಸರಿಯಾಗಿಯೇ ಹೇಳಿದೆ. ಆ ತಾಯಿ ಗೋಡೆ ಹಿಡಿದುಕೊಂಡು ಅತ್ತರು. ಅತ್ತು ಮುಗಿಸಿ ಕೇಳಿದರು:

“ಅದೇನೋ ಮದ್ದು ಆಕವ್ರಲ್ಲ ಮೇಷ್ಟ್ರೇ, ಅದು ಮೈಯಾಗೆ ಎಷ್ಟ್ ದಿನ ಇರ್ತದೆ ಕೇಳಿ. ಮದ್ವೆ ಮಡಿಕಂಡಿದ್ದೀವಿ.”

ಕೇಳಿದೆ. ಡಾಕ್ಟರು ನಕ್ಕರು. ನಾಳೆ ಬೆಳಗಾಗುವುದರೊಳಗೆ ಹೋಗಿರುತ್ತದೆ, ಬೇಕಾದರೆ ಬರುವ ವಾರವೇ ಮದುವೆ ಮಾಡಿ, ನನ್ನನ್ನೂ ಕರೆಯಿರಿ ಎಂದರು.

ನಾನು ಚಿಕ್ಕತಾಯಮ್ಮನ ಕಡೆ ತಿರುಗಿದೆ. ತಿರುಗುವವರೆಗೂ ಸತ್ಯವನ್ನೇ ಹೇಳುವವನಿದ್ದೆ, ಇದನ್ನು ನೀವು ನಂಬಬೇಕಾಗಿಲ್ಲ —

“ಒಂದು ವರ್ಷ ಇರುತ್ತದಂತೆ. ಅಲ್ಲಿಯವರೆಗೆ ಮದುವೆ ಮಾಡಬಾರದಂತೆ.”

ಇದು ಮೊದಲನೆಯದು.

ಬೆಂಗಳೂರಿನಿಂದ ಬಂದು ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ, ಪಾಂಡವಪುರದ ಮೇಲೆ ಕೆ.ಆರ್. ಪೇಟೆಗೆ ಹೋಗುವಾಗ ನಡುವೆ ಚಿನಕುರಳಿ. ಸ್ಟಾಪಿನಲ್ಲಿ ನಿಂಗಣ್ಣ ಕಾದು ನಿಂತಿದ್ದ. ಯಾವ ಬಸ್ಸಿಗೆ ಬರುತ್ತೇವೆಂದು ಅವನಿಗೆ ಗೊತ್ತಿರಲಿಲ್ಲ, ಆದ್ದರಿಂದ ಎಲ್ಲ ಬಸ್ಸಿಗೂ ನಿಂತಿದ್ದ. ಕಿಟಕಿಯ ಹತ್ತಿರ ಬಂದು ಒಂದೇ ಮಾತು ಕೇಳಿದ: “ಕಾಲು?”

ಕಾಲಿಗೆ ಏನೂ ಇಲ್ಲ ಎಂದೆ. ನಿಂತಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಚಿಕ್ಕತಾಯಮ್ಮ ಕಿಟಕಿಯಿಂದಲೇ ಉಳಿದದ್ದನ್ನು ಹೇಳಿದರು: “ವರ್ಸಗಂಟ ಮದ್ವೆ ಮಾಡಂಗಿಲ್ವಂತೆ ಕಣ್ಲಾ ನಿಂಗ.”

“ಓಗ್ಲಿ ಬುಡಕ್ಕ, ವರ್ಸ ತಾನೆ? ಕಲ್ಲು ಒಡ್ಯೋನ್ಗೆ ಕಾಯೋದ ಯೋಳ್ಕೊಡ್ಬೇಕಾ? ಲೇ ಲಕ್ಸ್ಮಿ, ಕಾಲು ಮಡಚಿ ಕೂತ್ಕೊಬ್ಯಾಡ, ನೀಟಾಗಿ ಇಳೇಬುಟ್ಕೊಂಡ್ ಕೂತ್ಕ.”

ಬಸ್ಸು ಹೊರಟಿತು. ಅವನು ಕಾಯುತ್ತಾನೆ ಎಂದು ನಾನು ಲೆಕ್ಕ ಹಾಕಿರಲಿಲ್ಲ. ಲಗ್ನ ಮುಂದಕ್ಕೆ ಹೋದರೆ ಗಂಡಿನ ಕಡೆಯವರು ಬೇರೆ ಕಡೆ ನೋಡಿಕೊಳ್ಳುತ್ತಾರೆ — ಇದು ಲೋಕರೂಢಿ. ಇತಿಹಾಸದ ವಿದ್ಯಾರ್ಥಿಯಾಗಿ ನಾನು ರೂಢಿಯನ್ನು ನಂಬಿದ್ದೆ.

ಊರು ಮಾತ್ರ ನನ್ನ ಮಾತನ್ನು ನನಗಿಂತ ಚೆನ್ನಾಗಿ ನಡೆಸಿಕೊಟ್ಟಿತು. ಆ ಬೀದಿಯಲ್ಲಿ ಹೊಲಕ್ಕೆ ಹೋಗುವ ತಾಯಂದಿರೆಲ್ಲ ಕೂಸುಗಳನ್ನು ಲಕ್ಷ್ಮಿಯ ಮಡಿಲಿಗೆ ಹಾಕಿ ಹೋಗುತ್ತಿದ್ದರು. ‘ಇವತ್ತೊಂದು ದಿನ ಎಳೆಮಕ್ಕಳನ್ನು ಎತ್ತಬೇಡಿ’ ಎಂಬುದು ಬೀದಿಯಲ್ಲಿ ಒಂದು ವರ್ಷದ ಸೂತಕವಾಯಿತು. ಹುಟ್ಟು ಸಾವಿಗೆ ಸೂತಕವಿದ್ದ ಮೇಲೆ ಸೂಜಿಮದ್ದಿಗೂ ಇರಬೇಡವೇ? ತಟ್ಟೆ ಬೇರೆ, ಚಾಪೆ ಬೇರೆ. ಒಂದು ಕೂಸು ಅಂಬೆಗಾಲಿಕ್ಕಿಕೊಂಡು ಅವಳ ಹತ್ತಿರ ಹೋದದ್ದನ್ನು ನಾನು ಕೋಣೆಯ ಕಿಟಕಿಯಿಂದ ನೋಡಿದೆ. ಅದರ ತಾಯಿ ಓಡಿಬಂದು ಎತ್ತಿಕೊಂಡಳು.

“ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ, ನಿನ್ ಮೈಯಾಗೆ ಕರೆಂಟ್ ಐತಂತೆ.”

“ಅಂಗಾದ್ರೆ ಒಂದ್ ಬಲ್ಬ್ ತಂದ್ಕೊಡಕ್ಕ, ಮನ್ಗೆ ದೀಪನಾದ್ರೂ ಆಯ್ತದೆ” ಎಂದಳು ಲಕ್ಷ್ಮಿ. ಎಲ್ಲರೂ ನಕ್ಕರು. ಅವಳು ಎದ್ದು ಒಳಗೆ ಹೋದಳು. ಸಂಜೆಯವರೆಗೆ ಹೊರಗೆ ಬರಲಿಲ್ಲ. ನಾನು ಕಿಟಕಿ ಹಾಕಿಕೊಂಡು ಉತ್ತರಪತ್ರಿಕೆ ತಿದ್ದಿದೆ. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ — ಹೇಳಲಿಲ್ಲ.

ಕೆಲವು ತಿಂಗಳ ಮೇಲೆ ನಿಂಗಣ್ಣ ಒಬ್ಬನೇ ಸ್ಕೂಲಿಗೆ ಬಂದ. ಮಧ್ಯಾಹ್ನದ ಊಟದ ಬಿಡುವು. ಜಗಲಿಯ ತುದಿಯಲ್ಲಿ ಕೂತು, ಟವಲು ಬಿಚ್ಚಿ ಮತ್ತೆ ಸುತ್ತಿ, ಕೊನೆಗೆ ಬಾಯಿಬಿಟ್ಟ:

“ಜನ ಏನೇನೋ ಅಂತಾವ್ರೆ ಮೇಷ್ಟ್ರೇ. ವರ್ಸ ಕಳುದ್ರೆ ಎಲ್ಲಾ ಸರೋಯ್ತದೆ ಅಲ್ವಾ? ಡಾಕ್ಟ್ರು ಇನ್ನೇನಾದ್ರೂ ಅಂದಿದ್ರೆ ಯೋಳ್ಬುಡಿ. ನಾನು ತಡ್ಕತೀನಿ.”

ಅಷ್ಟು ಸುಲಭವಾಗಿ ಸತ್ಯ ಹೇಳುವ ಅವಕಾಶ ಮನುಷ್ಯನಿಗೆ ಮತ್ತೆ ಸಿಗುವುದಿಲ್ಲ. ‘ಎಲ್ಲ ಸರಿಹೋಗುತ್ತದೆ’ ಎಂದಿದ್ದರೆ ಮೊದಲನೆಯ ಸುಳ್ಳು ತಾನಾಗಿ ಕರಗಿಹೋಗುತ್ತಿತ್ತು, ಆ ಮದ್ದಿನ ಹಾಗೆಯೇ. ನಾನು ಗಂಟಲು ಸರಿಮಾಡಿಕೊಂಡು, ಉಪಾಧ್ಯಾಯನಿಗೆ ತಕ್ಕ ದನಿಯಲ್ಲಿ ಹೇಳಿದೆ:

“ಅವಳ ತಾಯಿಯ ಮುಂದೆ ಒಂದು ಮಾತು ಹೇಳಲಿಲ್ಲ ನಿಂಗಣ್ಣ. ಬಸುರಾದರೆ ಆ ಗಂಟು ಕೆರಳುತ್ತದಂತೆ. ಕಾಲಂತೂ ಹೋಗುತ್ತದೆ. ಜೀವ ಉಳಿದರೆ ಹೆಚ್ಚು.”

ಇದು ಎರಡನೆಯದು.

ಅಂಗಳದಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರು. ನಿಂಗಣ್ಣ ನನಗಲ್ಲ, ಆ ಹುಡುಗರಿಗೆ ಹೇಳುವವನ ಹಾಗೆ ಹೇಳಿದ:

“ಮಕ್ಳು ಮರಿ ಇಲ್ದೇನೇ ಇದ್ಬುಡಾನ ಅಂತ ನಾನಂದ್ರೂ ನಮ್ಮವ್ವ ಬುಟ್ಟಾಳಾ? ಒಬ್ನೇ ಗಂಡ್ಮಗ. ಬುಟ್ರೂವೆ... ಒಂದೇ ಮನೇಲಿ ಇದ್ಕಂಡು, ನನ್ ಮ್ಯಾಲೆ ನಂಗೇ ನಂಬ್ಕೆ ಇಲ್ಲ ಕಣ್ ಮೇಷ್ಟ್ರೇ. ಬ್ಯಾಡ. ಅವ್ಳು ಬದ್ಕಿದ್ರೆ ಸಾಕು.” ಎದ್ದು ನಿಂತ. “ಇದ್ನ ಅವ್ಳ್ಗೆ ಯೋಳ್ಬ್ಯಾಡಿ. ಎದೆ ಒಡ್ಕಂಬುಡ್ತಾಳೆ. ನಾನೇ ಒಲ್ಲೆ ಅಂದೆ ಅಂತ ಆಗ್ಲಿ. ನನ್ನಾಣೆ.”

ಆಣೆಯನ್ನು ಉಳಿಸಿಕೊಂಡೆ. ಈ ಇಡೀ ವ್ಯವಹಾರದಲ್ಲಿ ನಾನು ಪ್ರಾಮಾಣಿಕವಾಗಿ ನಡೆದುಕೊಂಡದ್ದು ಇದೊಂದರಲ್ಲಿ.

ನಿಂಗಣ್ಣ ಬೇರೆ ಹೆಣ್ಣು ನೋಡಿಕೊಂಡಿದ್ದೇನೆಂದು ಹೇಳಿಕಳಿಸಿ, ನಾಗಮಂಗಲದ ಕಡೆಯ ಹುಡುಗಿಯನ್ನು ಮದುವೆಯಾದ. ಮದುವೆಗೆ ಅಕ್ಕನ ಮನೆಯಿಂದ ಯಾರೂ ಹೋಗಲಿಲ್ಲ. ರೋಗ ಬಂದ ಕೂಡಲೇ ಕೈಬಿಟ್ಟ ತಮ್ಮನ ಮನೆ ತನಗೆ ತವರಲ್ಲ ಎಂದರು ಚಿಕ್ಕತಾಯಮ್ಮ. ಮತ್ತೆ ಆ ಹೊಸಿಲು ತುಳಿಯದೆಯೇ, ಎಷ್ಟೋ ವರ್ಷದ ಮೇಲೆ ತೀರಿಕೊಂಡರು. ಮಣ್ಣಿಗೆ ಬಂದ ನಿಂಗಣ್ಣ ಮಾವಿನ ಮರದ ಹತ್ತಿರ ದೂರ ನಿಂತಿದ್ದು ಹೋದ.

ವರ್ಷ ತುಂಬಿದ ಮೇಲೆ ನಾನು ಹೆಣ್ಣು ಕೇಳಿದೆ. ಸಿದ್ದೇಗೌಡರು ಉಬ್ಬಸದ ನಡುವೆಯೇ ಕೈಮುಗಿದರು. ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ಆದರ್ಶದ ಬಗ್ಗೆ ಭಾಷಣ ಮಾಡಿದರು. ಬಿಸಿಲಿನಲ್ಲಿ ನಿಂತಿದ್ದ ಒಬ್ಬ ಹುಡುಗನಿಗೆ ತಲೆಸುತ್ತು ಬಂತು. ನಿಂಗಣ್ಣ ಮತ್ತೆ ಸ್ಕೂಲಿಗೆ ಬಂದ. “ಆ ಇಚಾರ ಗೊತ್ತಿದ್ದೂ ಮದ್ವೆ ಆಯ್ತಿದ್ದೀರಾ?” ಎಂದು ಕೇಳಿದ. ಹೌದು ಎಂದೆ. ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಲಕ್ಷ್ಮಿ ಬಸುರಿಯಾದ ಸುದ್ದಿ ಮುಟ್ಟಿದಾಗ ಮಾತ್ರ ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. “ಮನ್ಸನೇನಯ್ಯ ನೀನು? ಕೊಂದ್ಬುಡ್ತೀಯಲ್ಲಯ್ಯ ಅವ್ಳ!” ಅಷ್ಟು ಜನ ನೋಡುತ್ತಿದ್ದರು. ಹೆದರಬೇಡ, ಡಾಕ್ಟರು ನೋಡಿದ್ದಾರೆ ಎಂದೆ. ಅವನು ನಂಬಲಿಲ್ಲ, ನನ್ನನ್ನು ನಂಬದೇ ಇದ್ದದ್ದು ಅದೊಂದೇ ಸಲ, ಅದೂ ನಾನು ನಿಜ ಹೇಳಿದಾಗ. ಕರಿಘಟ್ಟದ ಸ್ವಾಮಿಗೆ ಹರಕೆ ಹೊತ್ತ. ಹೆರಿಗೆ ಸಲೀಸಾಯಿತು, ಗಂಡುಮಗು. ನಿಂಗಣ್ಣ ಬೆಟ್ಟ ಹತ್ತಿ ಮುಡಿ ಕೊಟ್ಟು, ಬೋಳುತಲೆಯಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತ. ಒಳಗಿನಿಂದ ಲಕ್ಷ್ಮಿ ಹೇಳಿದಳು: “ಬಂದೋರ್ಗೆ ಕಾಪಿ ಕೊಟ್ಟು ಕಳ್ಸಿ ಮೇಷ್ಟ್ರೇ.” ಅವಳು ಹೊರಗೆ ಬರಲಿಲ್ಲ. ಅವನು ಕಾಫಿ ಕುಡಿದು ಹೋದ. ಆ ಕಾಫಿಯನ್ನು ಲೋಟಕ್ಕೆ ಬಗ್ಗಿಸಿದವನು ನಾನು.

ಈಗ ನೀವು ನನ್ನಿಂದ ಪಶ್ಚಾತ್ತಾಪವನ್ನು ಎದುರುನೋಡುತ್ತಿರಬಹುದು. ಸೋದರಮಾವನಿಗೆ ಕೊಡುವ ಪದ್ಧತಿ ಸರಿಯಿಲ್ಲ, ಹೆಣ್ಣನ್ನು ಅದರಿಂದ ಬಿಡಿಸಿದೆ ಎಂದು ಹೇಳಬಹುದಿತ್ತು. ಸಭೆಗಳಲ್ಲಿ ಹೇಳಿಯೂ ಇದ್ದೇನೆ, ಚಪ್ಪಾಳೆ ಬಿದ್ದಿದೆ. ಅದು ಬೊಗಳೆ. ನನಗೆ ಅವಳು ಬೇಕಾಗಿತ್ತು, ಅಷ್ಟೆ. ಅವಳ ಜೊತೆ ಕಳೆದ ವರ್ಷಗಳಲ್ಲಿ ಒಂದನ್ನೂ ನಾನು ಹಿಂದಕ್ಕೆ ಕೊಡುವುದಿಲ್ಲ. ಅದೇ ಆಸ್ಪತ್ರೆಯಲ್ಲಿ, ಅದೇ ಡಾಕ್ಟರ ಪಕ್ಕದಲ್ಲಿ ನನ್ನನ್ನು ಮತ್ತೆ ನಿಲ್ಲಿಸಿ — ಮತ್ತೆ ಒಂದು ವರ್ಷ ಎಂದೇ ಹೇಳುತ್ತೇನೆ. ಜಗಲಿಯ ಮೇಲೆ ಆಡಿದ ಮಾತನ್ನು... ಅದನ್ನೂ ಆಡುತ್ತೇನೆ. ಆಡಬಾರದಿತ್ತು ಎಂದು ಗೊತ್ತಿದ್ದೂ ಆಡುತ್ತೇನೆ. ಇದಕ್ಕೆ ಶಾಲು ಹೊದಿಸುವವರಿದ್ದರೆ ಬರಲಿ.

ಆದರೆ ಸನ್ಮಾನದ ವೇದಿಕೆಯ ಮೇಲೆ ಅವಳನ್ನೂ ಕೂರಿಸುತ್ತಾರಂತೆ. ಮೈಕಿನಲ್ಲಿ ಆ ಕಥೆ ಹೇಳಿ, ಕೈಬಿಟ್ಟ ಸೋದರಮಾವನನ್ನು ಎರಡು ಮಾತು ಬೈದು, ಆಮೇಲೆ ನನಗೆ ಹಾರ. ಮುಂದಿನ ಸಾಲಿನಲ್ಲಿ ನಿಂಗಣ್ಣ ಕೂತಿದ್ದರೂ ಕೂತಿದ್ದಾನು; ಕರೆದರೆ ಬರುವಂಥವನು. ಅದನ್ನು ಮಾತ್ರ ನನ್ನಿಂದ —

ಕಳೆದ ವಾರ ಬೆಳಗ್ಗೆ ಅವಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಇಲ್ಲಿ ಬರೆದಿರುವ ಕ್ರಮದಲ್ಲೇ ಹೇಳಿದೆ, ಏನನ್ನೂ ಮೆದುಮಾಡಲಿಲ್ಲ. ಅವಳು ಕೈ ನಿಲ್ಲಿಸಲಿಲ್ಲ. ಕಾಯಿ ಮುಗಿದ ಮೇಲೆ ಕೇಳಿದಳು:

“ಅವತ್ತೇ ನನ್ನ ಯಾಕೆ ಒಂದ್ ಮಾತು ಕೇಳ್ನಿಲ್ಲ ಮೇಷ್ಟ್ರೇ?”

“ಕೇಳಿದ್ದರೆ ಒಲ್ಲೆ ಅಂತಿದ್ದೆ.”

“ಅಂತಿದ್ದೆ” ಎಂದಳು.

ಮಧ್ಯಾಹ್ನದ ಬಸ್ಸಿಗೆ ಹೊರಟಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮಗ ಹೋಗಿ ಕರೆದ, ಬರುವುದಿಲ್ಲ ಎಂದಳಂತೆ. ಚಿನಕುರಳಿಯಲ್ಲಿ, ನಿಂಗಣ್ಣನ ಮನೆಯಲ್ಲಿದ್ದಾಳೆ.